ಕೇಪಿನ ಕೋವಿಯ ಮರ್ಯಾದೆ

ನಮ್ಮ ಸೀತಾಂಗೋಳಿಯಲ್ಲಿ ದೇಶರಕ್ಷಣೆಗೆ ಸಂಬಂಧಪಟ್ಟ ಸ್ಥಳಗಳು ಎರಡು. ಒಂದು ಹಿಂದೂಸ್ಥಾನ್ ಏರೋನಾಟಿಕ್ಸ್‌ನ ಕಾರ್ಖಾನೆ. ಯುದ್ಧವಿಮಾನಗಳಿಗೆ ಬೇಕಾದ ಇಲೆಕ್ಟ್ರಾನಿಕ್ ಸಾಮಾನು ಅಲ್ಲಿ ತಯಾರಾಗುತ್ತದೆ. ಇನ್ನೊಂದು ನಮ್ಮ ಮನೆ. ಏಕಾದಶಿಯ ದಿನ ನೀರುಳ್ಳಿಗೂ ಪ್ರವೇಶವಿಲ್ಲದ ಈ ಮನೆಯಲ್ಲಿ ಮೂರು ಕೋವಿಗಳಿದ್ದವು. ಮೂರಕ್ಕೂ ಲೈಸೆನ್ಸ್, ಮೂರಕ್ಕೂ ನವರಾತ್ರಿಗೆ ಗಂಧ ಕುಂಕುಮ. ಮೂರರಿಂದಲೂ ಒಂದು ಮಂಗನ ಕೂದಲು ಕೊಂಕಿದ್ದನ್ನು ನಾನಂತೂ ಕಂಡವನಲ್ಲ.

ಮೊದಲನೆಯದು ಅಜ್ಜನ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಹಾಕಿ, ತೆಂಗಿನ ನಾರು ತುರುಕಿ, ಚರೆ ಸುರಿದು, ಮತ್ತೆ ನಾರು ಜಡಿದು, ಕೊನೆಗೆ ಕೇಪು ಇಟ್ಟು ಗುರಿ ಹಿಡಿಯುವಷ್ಟರಲ್ಲಿ ಮಂಗಗಳು ಎಳನೀರು ಕುಡಿದು ಮುಗಿಸಿ ಪಕ್ಕದ ತೋಟಕ್ಕೆ ಹೋಗಿರುತ್ತವೆ. ಇದರ ಲೈಸೆನ್ಸ್ ಮದ್ರಾಸ್ ಸರಕಾರದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಆದದ್ದು. 1956ರಲ್ಲಿ ಕೋವಿ ಕೇರಳಕ್ಕೆ ಬಂತು, ಆಮೇಲೆ ಕಣ್ಣೂರು ಜಿಲ್ಲೆಯಲ್ಲಿತ್ತು, 1984ರ ಮೇ 24ರಂದು ಕಾಸರಗೋಡು ಜಿಲ್ಲೆಯದಾಯಿತು. ಇಷ್ಟೆಲ್ಲ ಸಂಚಾರ ಮಾಡಿದ್ದು ಚಾವಡಿಯ ಗೋಡೆಯ ಮೊಳೆಯಿಂದ ಇಳಿಯದೆ. ಎರಡನೆಯದು ಅಪ್ಪನ ಜೋಡುನಳಿಗೆ. ನೋಡಲು ಭಾರೀ ಗಾಂಭೀರ್ಯ, ಎಡ ನಳಿಗೆ ಮಾತ್ರ ಅಪ್ಪನ ಕಾಲದಲ್ಲೇ ಮೌನವ್ರತ ಹಿಡಿದಿದೆ. ಮೂರನೆಯದು ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಒಂಟಿನಳಿಗೆಯ ತೋಟೆ ಕೋವಿ. ಯಾವ ಕಥೆಯೂ ಇಲ್ಲದ, ಯಾವ ಊನವೂ ಇಲ್ಲದ, ತನ್ನ ಕೆಲಸ ಬಲ್ಲ ಕೋವಿ. ಅಪ್ಪಚ್ಚಿ ತೀರಿಕೊಂಡ ಮೇಲೆ ವಾರಸುದಾರನೆಂದು ಅದೂ ನನ್ನ ಹೆಸರಿಗೆ ಬಂತು. ಕನ್ನಡ ಮಾಷ್ಟ್ರಾಗಿ ಜೀವಮಾನವಿಡೀ ಮಕ್ಕಳಿಗೆ ಒಂದು ಪೆಟ್ಟು ಕೊಡದ ನಾನು ಮೂರು ಕೋವಿಗಳ ಒಡೆಯನಾದೆ.

ಈ ಕೋವಿಗಳಿಗೆ ಕೆಲಸವೇ ಇಲ್ಲ ಎಂದರೆ ತಪ್ಪಾಗುತ್ತದೆ. ಅವು ಚುನಾವಣೆಗೆ ಹೋಗುತ್ತವೆ. ನೀತಿ ಸಂಹಿತೆ ಬಂತೆಂದರೆ ಹಳೆ ಬೆಡ್‌ಶೀಟು ಸುತ್ತಿಸಿಕೊಂಡು, ರಿಕ್ಷಾ ಹತ್ತಿ ಠಾಣೆಯಲ್ಲಿ ಠೇವಣಿಯಾಗಿ ಕೂರುತ್ತವೆ. ಫಲಿತಾಂಶವೆಲ್ಲ ಬಂದು, ಗೆದ್ದವರ ಪಟಾಕಿ ಮುಗಿದ ಮೇಲೆ ರಶೀದಿ ತೋರಿಸಿ ಕರೆತರಬೇಕು. ಲೋಕಸಭೆ, ವಿಧಾನಸಭೆ, ಪಂಚಾಯತು ಎಲ್ಲದಕ್ಕೂ ಉಂಟು. ನಮ್ಮ ಮಂಜೇಶ್ವರ ಕ್ಷೇತ್ರದವರಿಗೆ 2019ರಲ್ಲಿ ಏಪ್ರಿಲಿಗೊಮ್ಮೆ ಲೋಕಸಭೆಗೆ, ಅಕ್ಟೋಬರಿಗೊಮ್ಮೆ ಉಪಚುನಾವಣೆಗೆ ಎಂದು ಒಂದೇ ವರ್ಷದಲ್ಲಿ ಎರಡು ಸಲ ಸೇವೆ. 2016ರಲ್ಲಿ ಶಾಸಕರನ್ನು 89 ಮತಗಳ ಅಂತರದಲ್ಲಿ ಆರಿಸಿದ ಕ್ಷೇತ್ರ ಇದು. ಇಂಥಲ್ಲಿ ಕೇಪಿನ ಕೋವಿಯನ್ನೂ ನಂಬಬಾರದು, ಒಪ್ಪುತ್ತೇನೆ. ಆದರೆ ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿಯನ್ನು ಎಳನೀರು ಬೆಳೆಯುವ ಹೊತ್ತಿಗೇ ಠಾಣೆಯಲ್ಲಿ ಇಟ್ಟುಕೊಂಡರೆ ಮಂಗಗಳಿಗೆ ಏನು ಸಂದೇಶ ಹೋಗುತ್ತದೆ? ಅವಕ್ಕೂ ನೀತಿ ಸಂಹಿತೆ ಉಂಟೇ?

ಹೀಗೆ ಹೋಗಿ ಬಂದು ಮಾಡಿಕೊಂಡಿದ್ದಾಗ 2019ರ ಡಿಸೆಂಬರಿನಲ್ಲಿ ಆಯುಧ ಕಾಯಿದೆಗೆ ತಿದ್ದುಪಡಿ ಬಂತು. 1983ರ ತಿದ್ದುಪಡಿಯಿಂದ ಒಬ್ಬನಿಗೆ ಮೂರು ಕೋವಿ ಎಂದಿದ್ದದ್ದು ಎರಡಾಯಿತು. ಅಜ್ಜನಿಂದ ಬಂದದ್ದು, ಅಪ್ಪನಿಂದ ಬಂದದ್ದು ಎಂಬ ರಿಯಾಯಿತಿಯೂ ಇಲ್ಲ. ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕು. ಆ ವರ್ಷ ಮುಗಿಯುವುದೂ ಕಾಸರಗೋಡಿನಲ್ಲಿ ಪಂಚಾಯತು ಮತದಾನ ನಡೆಯುವುದೂ 2020ರ ಡಿಸೆಂಬರಿನಲ್ಲಿ ಬೆನ್ನುಬೆನ್ನಿಗೇ ಬಿದ್ದದ್ದರಿಂದ, ನಾನು ಸುಮ್ಮನೆ ಕುಳಿತಿದ್ದರೆ ಮೂರೂ ಠಾಣೆಗೆ ಹೋಗಿ ಎರಡೇ ಹಿಂದೆ ಬರುತ್ತಿದ್ದವು.

ಮಾರುವುದೆಂದರೆ ಅದಕ್ಕೂ ಶಾಸ್ತ್ರ ಉಂಟು. ಲೈಸೆನ್ಸ್ ಇದ್ದವರಿಗೇ ಕೊಡಬೇಕು, ಕೊಡುವ 45 ದಿನ ಮೊದಲು ಜಿಲ್ಲಾಧಿಕಾರಿಗಳಿಗೋ ಠಾಣೆಗೋ ಬರೆದು ತಿಳಿಸಬೇಕು. ಅಂಗಡಿಗೆ ಕೊಡೋಣವೆಂದರೆ ನನಗೆ ಗುರುತಿನ ಕೋವಿ ಅಂಗಡಿ ಇರುವುದು ಮಂಗಳೂರಿನಲ್ಲಿ. ನನ್ನ ಲೈಸೆನ್ಸಿಗೆ ತಲಪಾಡಿ ದಾಟುವ ಯೋಗ್ಯತೆ ಇಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಮನುಷ್ಯರಿಗೂ ಆ ಯೋಗ್ಯತೆ ಹೋಯಿತು. ಗಡಿಯ ದಾರಿಗಳಿಗೆ ಆಚೆಯವರು ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆಂದು ಹೊರಟ ನಮ್ಮ ಜಿಲ್ಲೆಯ ರೋಗಿಗಳು ದಾರಿಯಲ್ಲೇ ತೀರಿಕೊಂಡರು. ಆ ದಿನಗಳಲ್ಲಿ ಕೋವಿಯ ವಿಷಯ ತೆಗೆಯಲು ನಾಚಿಕೆಯಾಗಿ ಬಿಟ್ಟುಬಿಟ್ಟೆ.

ಬಿಡದವರು ನೆಂಟರು. ಬೆಂಗಳೂರಿನ ಭಾವ ವಾರಕ್ಕೊಮ್ಮೆ ಫೋನು. ಅವನ ಫ್ಲ್ಯಾಟಿನ ಹಾಲಿನಲ್ಲಿ ಟೀವಿಯ ಮೇಲೆ ಕೇಪಿನ ಕೋವಿ ಅಡ್ಡ ನಿಲ್ಲಿಸಿದರೆ ಒಳ್ಳೆ ಗೆಟಪ್ಪಂತೆ, ಇಂಟೀರಿಯರಿನವನು ಜಾಗವನ್ನೂ ಅಳೆದಾಗಿದೆಯಂತೆ. ಊರಿನ ಹಳೆ ಮನೆಯ ಮಣೆ, ಕಂಚಿನ ಗಿಂಡಿ, ಭತ್ತದ ಕಳಸಿಗೆ ಎಲ್ಲ ಒಯ್ದು ಅಲಂಕಾರ ಮಾಡಿಯಾಗಿದೆ. ಕಳಸಿಗೆಯಲ್ಲಿ ಈಗ ಪ್ಲಾಸ್ಟಿಕ್ ಹೂ. ಊರಿನ ತೋಟಕ್ಕೆ ನೀರು ಬಿಡಲು ಮಾತ್ರ ಒಬ್ಬನೂ ಬರುವುದಿಲ್ಲ. 'ಲೈಸೆನ್ಸ್ ಮಾಡಿಸು, ಕೊಡುತ್ತೇನೆ' ಎಂದೆ. 'ಶೋಪೀಸಿಗೂ ಲೈಸೆನ್ಸಾ ಭಾವ?' ಎಂದ.

ಶೋಪೀಸು ಎಂದದ್ದು ಕೇಳಿ ಉರಿಯಿತಾದರೂ ಅದರಿಂದಲೇ ನನಗೆ ದಾರಿ ಕಂಡದ್ದು. ಮಗಳು ಮೊಬೈಲಿನಲ್ಲಿ ಕಾಯಿದೆ ತೆಗೆದು ಓದಿದಳು. 45ನೇ ಸೆಕ್ಷನ್ ಎಂದೊಂದು ಉಂಟು. ಹಳೆ ಕಾಲದ ಮಾದರಿಯ, ಪುರಾತನವಾದ ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಮಾಡದಿದ್ದರೂ ಹಾರುವಂಥದ್ದಲ್ಲವಾದರೆ, ಅದಕ್ಕೆ ಕಾಯಿದೆಯೇ ಅನ್ವಯಿಸುವುದಿಲ್ಲ. ಅಂದರೆ ಅಜ್ಜನ ಕೋವಿ ಸತ್ತಿದೆ ಎಂದು ತಿಳಿದವರ ಬಾಯಿಂದ ಬಂದರೆ ಸಾಕು. ಅದು ಲೆಕ್ಕದಿಂದ ಹೊರಗೆ, ಉಳಿದ ಎರಡು ಲೆಕ್ಕದ ಒಳಗೆ, ಮೂರೂ ಮನೆಯ ಒಳಗೆ. ನನ್ನ ಬುದ್ಧಿಗೆ ನಾನೇ ಬೆರಗಾಗಿ ಆ ದಿನ ಎರಡು ಲೋಟ ಕಾಫಿ ಕುಡಿದೆ.

ಪರೀಕ್ಷೆಗೆ ಪೊಲೀಸ್ ಇಲಾಖೆಯ ಆರ್ಮರರ್ ಹತ್ತಿರ ಕೋವಿ ಒಯ್ಯುವುದೆಂದಾಯಿತು. ನಾನು ತಯಾರಿ ನಡೆಸಿದೆ. ಯಾವತ್ತೂ ಎಣ್ಣೆ ಉಜ್ಜುತ್ತಿದ್ದವನು ಎರಡು ತಿಂಗಳು ಮುಟ್ಟಲಿಲ್ಲ. ಮಳೆಗಾಲದ ಬೂಷ್ಟು ಹಿಡಿಯಲೆಂದು ಬಚ್ಚಲಿನ ಪಕ್ಕ ಒರಗಿಸಿದೆ. ರಾತ್ರಿ ಎದ್ದು ಹೋಗಿ ಅದನ್ನು ನೋಡಿ ಹೊಟ್ಟೆ ಚುರುಕ್ಕೆಂದು ಮತ್ತೆ ಒಳಗೆ ತಂದೆ. ಬೆಳಿಗ್ಗೆ ಮನಸ್ಸು ಗಟ್ಟಿಮಾಡಿ ಮತ್ತೆ ಹೊರಗಿಟ್ಟೆ.

ಆರ್ಮರರ್ ಮಿತಭಾಷಿ. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿತ್ತು. ಬೆಡ್‌ಶೀಟು ಬಿಚ್ಚಿ ಕೋವಿಯನ್ನು ಮೇಜಿನ ಮೇಲೆ ಮಲಗಿಸಿದರು. ನಳಿಗೆಯ ಬಾಯಿಗೆ ಟಾರ್ಚ್ ಹಿಡಿದರು. ಗಜವನ್ನು ಒಳಗಿಳಿಸಿದರು, ಅದರ ತುದಿಗೆ ಒಂದು ಜೇಡ, ಜೇಡನ ಸಂಸಾರ, ಯಾವುದೋ ಹುಳ ಕಟ್ಟಿದ ಮಣ್ಣಿನ ಗೂಡಿನ ಚೂರು ಎಲ್ಲ ಬಂದವು. ನಾನು ಒಳಗೊಳಗೇ ಹಿಗ್ಗಿದೆ. ಕುದುರೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಬರಲಿಲ್ಲ. ಇನ್ನಷ್ಟು ಹಿಗ್ಗಿದೆ. ಹಿಡಿಯ ಮರದಲ್ಲಿ ಗೆದ್ದಲು ತಿಂದ ತೂತನ್ನು ಬೆರಳಿನಿಂದ ತಡವಿದರು. ಕೈ ಒರೆಸಿಕೊಂಡರು.

'ಮಾಷೇ, ಇದು ಗುಜರಿ' ಎಂದರು.

ಇಷ್ಟೇ ನನಗೆ ಬೇಕಾದದ್ದು. 'ಹೌದು ಸಾರೇ' ಎಂದು ಕೈಮುಗಿದು ಬರೆಸಿಕೊಂಡು ಬಂದಿದ್ದರೆ ಕಥೆ ಮುಗಿಯುತ್ತಿತ್ತು. ಮಗಳಿಗೆ ಮೈ ಹುಷಾರಿಲ್ಲವೆಂದು ತಾನೇ ಊರಿಡೀ ಹೇಳಿಕೊಂಡು ಬಂದ ಅಪ್ಪ, ಬೇರೆಯವರು ಹೌದೆಂದ ಕೂಡಲೇ ಸಿಡಿದೇಳುವ ಹಾಗೆ ನನಗೇನೋ ಆಯಿತು.

'ಗುಜರಿಯಾ?' ಎಂದೆ.

'ಕಬ್ಬಿಣದ ರೇಟಿಗೆ ಹೋದೀತು.'

'ಸಾರೇ, ಇದರ ಒಂದು ಈಡಿಗೆ ಹಿಂದೆ ಪೆರ್ಣೆಯವರೆಗೆ ಕೇಳುತ್ತಿತ್ತು.'

'ಹಿಂದೆ ತಾನೆ?'

'ಹಿಂದೆ ಏನು? ಈಗಲೂ ಕೇಳೀತು. ನಿಪ್ಪಲಿನ ತೂತು ಕಟ್ಟಿದೆ ಅಷ್ಟೆ. ಒಂದು ದಬ್ಬಣ ಸಾಕು.' ಹೇಳುತ್ತಿರುವುದು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ, ಆದರೂ ಬಾಯಿ ನಿಲ್ಲಲಿಲ್ಲ. 'ಕುದುರೆ ಕೆಟ್ಟಿಲ್ಲ ಸಾರೇ, ಎಣ್ಣೆ ಕಾಣದೆ ಬಿಗಿದಿದೆ. ಸ್ವಲ್ಪ ಎಡಕ್ಕೆ ಒತ್ತಿ ಎಳೆಯಬೇಕು. ಹಾಗಲ್ಲ. ಇಲ್ಲಿ ಕೊಡಿ.'

ಕೊಟ್ಟರು. ನಾನು ಎಡಕ್ಕೆ ಒತ್ತಿ ಎಳೆದೆ. ಕುದುರೆ ಸಲೀಸಾಗಿ ಹಿಂದಕ್ಕೆ ಬಂದು ನಿಂತಿತು. ಟ್ರಿಗರ್ ಒತ್ತಿದಾಗ ಕೋಣೆಯಿಡೀ ಕೇಳುವಂತೆ 'ಟಕ್' ಎಂದಿತು. ಆಚೆ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಪೊಲೀಸಪ್ಪ ತಲೆಯೆತ್ತಿದ. ಏನು ಶಬ್ದ ಅದು! ಎದೆ ಉಬ್ಬಿತು. ಒಮ್ಮೆ ಸಾಲದೆಂದು ಎರಡನೆಯ ಸಲವೂ ಟಕ್ ಅನ್ನಿಸಿದೆ.

ಆರ್ಮರರ್‌ಗೆ ಈಗ ಉಮೇದು ಬಂತು. ಸೀಮೆಣ್ಣೆಯಲ್ಲಿ ಚಿಂದಿ ಅದ್ದಿದರು, ತಂತಿ ತಂದರು, ನಿಪ್ಪಲ್ ಬಿಚ್ಚಿ ಊದಿದರು. ಇಬ್ಬರೂ ಸೇರಿ ತಿಕ್ಕಿದೆವು. ತುಕ್ಕಿನಡಿಯಿಂದ ನಳಿಗೆಯ ಮೇಲಿನ ಹಿತ್ತಾಳೆಯ ಬಳ್ಳಿಯ ಚಿತ್ತಾರ ಕಾಣಿಸಿದಾಗ ಅವರು ಮಾಸ್ಕ್ ಇಳಿಸಿ 'ಆಹಾ' ಎಂದರು. ನಾನೂ ಇಳಿಸಿ ಆಹಾ ಎಂದೆ. ಕೊರೋನಾ ಇದೆಯೆಂಬುದು ಇಬ್ಬರಿಗೂ ಮರೆತಿತ್ತು. ಕೊನೆಗೆ ಕೋವಿಯನ್ನು ಎರಡೂ ಕೈಯಲ್ಲಿ ನನಗೆ ಒಪ್ಪಿಸಿ, 'ನನ್ನನ್ನು ಕ್ಷಮಿಸಬೇಕು ಮಾಷೇ. ಗುಜರಿಯಲ್ಲ. ಫಸ್ಟ್ ಕ್ಲಾಸ್ ವರ್ಕಿಂಗ್ ಕಂಡೀಶನ್. ಹಾಗೇ ಬರೆದುಕೊಡುತ್ತೇನೆ' ಎಂದರು.

ಬರೆದೂ ಕೊಟ್ಟರು. ರಿಕ್ಷಾದಲ್ಲಿ ಮಧೂರು ದಾಟುವವರೆಗೂ ನಾನು ಗೆದ್ದವನ ಠೀವಿಯಲ್ಲೇ ಕುಳಿತಿದ್ದೆ. ಆಮೇಲೆ ಲೆಕ್ಕ ತಲೆಗೆ ಹೊಳೆಯಿತು.

ಮನೆಯಲ್ಲಿ ಊಟದ ಹೊತ್ತಿಗೆ ಸಭೆ ಸೇರಿತು. ಹೆಂಡತಿಗೆ ಮೂರೂ ಹೋದರೆ ಮೂರು ಮೊಳೆ ಖಾಲಿ. ಮಗಳ ವಾದ ಸರಳ: ಹಾಳಾದ ಜೋಡುನಳಿಗೆ ಕೊಡು, ಒಳ್ಳೆಯದನ್ನು ಇಟ್ಟುಕೋ. ಅಪ್ಪನ ಕೋವಿ ಹೇಗೆ ಕೊಡುವುದೆಂದು ನಾನು. ಅಬ್ಬೆ ಅಷ್ಟರವರೆಗೆ ಮಾತಾಡಿರಲಿಲ್ಲ. ಮಜ್ಜಿಗೆ ಬಡಿಸಿಕೊಳ್ಳುತ್ತಾ, 'ಅಪ್ಪಚ್ಚಿಯದರ ಕೊಡು. ಎನಗೆ ಅದು ಮನೆಲಿ ಬೇಡ' ಎಂದಳು.

ಮಗಳು ಯಾಕೆಂದು ಕೇಳಿದಳು. ಅಬ್ಬೆ ಹೇಳಲಿಲ್ಲ. ನನಗೆ ಗೊತ್ತಿತ್ತು. 2000ದ ಆಚೀಚೆ ಅಡಕೆಯ ಬೆಲೆ ನೆಲ ಕಚ್ಚಿದಾಗ ಅಪ್ಪಚ್ಚಿಯ ತಲೆಯ ಮೇಲೆ ಸಾಲವಿತ್ತು. ಒಂದಿಡೀ ಮಳೆಗಾಲ ಅವರು ಚಾವಡಿಯಲ್ಲಿ ಕೂತು ಆ ಕೋವಿಯನ್ನೇ ಒರೆಸುತ್ತಿದ್ದರು. ತೋಟೆಗಳ ಪೆಟ್ಟಿಗೆ ಎಲ್ಲೋ ಕಾಣೆಯಾಗಿದೆ ಎಂದು ಮನೆಯಿಡೀ ಹುಡುಕಿದ್ದೂ ನೆನಪುಂಟು. ಅದು ಅಬ್ಬೆಯ ಅಕ್ಕಿಯ ಡಬ್ಬಿಯ ತಳದಲ್ಲಿತ್ತು ಎಂಬುದು ಅಪ್ಪಚ್ಚಿ ಕಾಯಿಲೆ ಬಂದು, ಮನೆಯ ಹಾಸಿಗೆಯಲ್ಲೇ, ಮುದುಕರಾಗಿ ತೀರಿಕೊಂಡ ಮೇಲೆ ನಮಗೆ ತಿಳಿದದ್ದು. ಆ ಮೂರರಲ್ಲಿ ನೆಚ್ಚಿಕೊಳ್ಳಬಹುದಾದ ಕೋವಿ ಅದೊಂದೇ. ಅಬ್ಬೆಗೆ ಅದರ ಮೇಲೆ ಸಿಟ್ಟು ಅದಕ್ಕೇ.

ಆಮೇಲಿನದ್ದೆಲ್ಲ ಬೇಗ ಆಯಿತು. ಮುಳ್ಳೇರಿಯದ ಕಡೆಯ ಕೃಷಿಕರೊಬ್ಬರು ಬಂದು ನೋಡಿ, ಚೌಕಾಶಿಯೇ ಮಾಡದೆ ಒಪ್ಪಿದರು. 45 ದಿನದ ನೋಟೀಸು ಕೊಟ್ಟೆ. ಅದರ ಫಾರ್ಮು ಮಲಯಾಳದಲ್ಲಿತ್ತು. ಕನ್ನಡದ್ದು ಸಿಗಬೇಕಾದದ್ದು ನಮ್ಮ ಹಕ್ಕು, ಖಾಲಿಯಾಗಿರುವುದು ವಾಡಿಕೆ, ಮಗಳು ತುಂಬಿಸಿದಳು. ಬಂದ ದುಡ್ಡಿಗೆ ತೋಟಕ್ಕೆ ಹೊಸ ಪಂಪು ಬಂತು. ಉಳಿದ ಎರಡನ್ನು ಪಂಚಾಯತು ಚುನಾವಣೆಗೆ ಎಂದಿನಂತೆ ರಿಕ್ಷಾ ಹತ್ತಿಸಿದೆ.

2022ರ ಮೇ ತಿಂಗಳಲ್ಲಿ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ವಿಷ, ಸ್ಫೋಟಕ, ಕರೆಂಟು ಯಾವುದೂ ಆಗದು. ಲೈಸೆನ್ಸಿನ ಕೋವಿಯವರೇ ಬೇಕು. ಎಲ್ಲಿ ನೋಡಿದರೂ ಕೋವಿಯವರ ಹುಡುಕಾಟ. ಒಂದು ಸಂಜೆ ನನಗೂ ಫೋನು ಬಂತು, ಪರಿಚಯದವರೇ.

'ಮಾಷ್ಟ್ರೇ, ನಿಮ್ಮಲ್ಲಿ ಎರಡು ಕೋವಿ ಉಂಟಲ್ಲ. ರಾತ್ರಿ ಹಂದಿಗೆ ಬರಬಹುದಾ?'

'ಬರಬಹುದು' ಎಂದೆ. 'ಒಂದಕ್ಕೆ ಮದ್ದು ಜಡಿಯಲು ಹತ್ತು ನಿಮಿಷ ಬೇಕು. ಇನ್ನೊಂದರ ಬಲ ನಳಿಗೆ ಮಾತ್ರ ಹಾರುತ್ತದೆ, ಅದೂ ಮನಸ್ಸು ಬಂದರೆ. ಹಂದಿಯನ್ನು ಅಷ್ಟು ಹೊತ್ತು ಮಾತಾಡಿಸಿಕೊಂಡು ನಿಲ್ಲಿಸಲು ಜನ ಇದ್ದಾರಾ?'

'ನಿಮ್ಮಲ್ಲಿ ಒಂದು ಒಳ್ಳೆಯ ತೋಟೆ ಕೋವಿ ಇತ್ತಲ್ಲ?'

'ಅದು ಮುಳ್ಳೇರಿಯದಲ್ಲಿ ಉಂಟು. ಅವರ ನಂಬ್ರ ಕೊಡುತ್ತೇನೆ, ಬರೆದುಕೊಳ್ಳಿ.'