ಮೌಸ್ ಮುಟ್ಟದ ತಮ್ಮ

ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಸಮೇತ ಬೆಂಗಳೂರಿನಿಂದ ಬಂದು ಊರಲ್ಲೇ ಉಳಿದುಬಿಟ್ಟ ತಮ್ಮಂದಿರು ಹಳಿಯಾಳದಲ್ಲೂ ಸಿಗುತ್ತಾರೆ, ಮುಂಡಗೋಡಿನಲ್ಲೂ ಸಿಗುತ್ತಾರೆ. ಜೋಯಿಡಾದವರು ಮಾತ್ರ ಮನೆಯಲ್ಲಿ ಸಿಗುವುದಿಲ್ಲ; ನೆಟ್‌ವರ್ಕ್ ಬರುವ ತಿರುವಿನಲ್ಲಿ ಬೈಕ್ ಮೇಲೆ ಕೂತಿರುತ್ತಾರೆ. ಇವರಲ್ಲೊಂದು ತಳಿಗೆ ಮೌಸ್ ಕಂಡರಾಗದು. ಕಪ್ಪು ಪರದೆ, ಮಿನುಗುವ ಕರ್ಸರ್, ಇಷ್ಟಿದ್ದರೆ ಊಟವೂ ಬೇಡ.

ದಾಂಡೇಲಿಯ ಅಂಥವನೊಬ್ಬನ ಕಾಕಾನದು ಗಣೇಶಗುಡಿ ಹಾದಿಯಲ್ಲಿ ಹೋಮ್‌ಸ್ಟೇ. ಮಳೆ ನಿಂತು ಕಾಳಿಯಲ್ಲಿ ರ‍್ಯಾಫ್ಟಿಂಗ್ ಶುರುವಾಗುವ ಹೊತ್ತಿಗೆ ಕಾಕಾ ಹೇಳಿದರು: “ತಮ್ಮಾ, ವೆಬ್‌ಸೈಟಿನ್ಯಾಗ ಒಂದನೇ ರೂಮಿನ ರೇಟು ಎರಡು ಸಾವಿರ ಐತಿ. ಎರಡೂವರೆ ಮಾಡು.”

ರೇಟುಗಳಿರುವ ಜೇಸನ್ ಫೈಲು ತೆರೆದು ಒಂದು ಸೊನ್ನೆ ಅಳಿಸಿ ಐದು ಒತ್ತಿದ್ದರೆ ಮುಗಿಯುತ್ತಿತ್ತು. ಅದು ಅಡ್ಡಕಸಬಿಗಳ ದಾರಿ. ಕಪ್ಪು ಪರದೆಯಲ್ಲೇ ಜೇಸನ್ ಸೋಸಿ ತಿದ್ದುವ ಜೆಕ್ಯೂ ಎಂಬ ಕಮಾಂಡನ್ನು ಸ್ಟೀಫನ್ ಡೋಲನ್ 2012ರಲ್ಲಿ ಬರೆದದ್ದು ಸುಮ್ಮನೆಯೇ? ತಮ್ಮ ಟೈಪಿಸತೊಡಗಿದ: ಡಾಟ್ ರೂಮ್ಸ್, ಚೌಕ ಕಂಸದಲ್ಲಿ ಸೊನ್ನೆ, ಡಾಟ್ ರೇಟ್…

“ಒಂದನೇ ರೂಮು ಅಂದ್ನೆಲ್ಲೋ, ಸೊನ್ನೆ ಯಾಕ?”

“ಇಲ್ಲಿ ಎಣಿಕಿ ಸೊನ್ನೆಯಿಂದ, ಕಾಕಾ.”

“ಬಿಲ್ಲು ಹಂಗ ಹಾಕಬ್ಯಾಡಪಾ.”

ಬಂದ ಉತ್ತರವನ್ನು ತಮ್ಮ ಅದೇ ಫೈಲಿಗೆ ತಿರುಗಿಸಿದ. ಜೆಕ್ಯೂ ಓದುವ ಮೊದಲೇ, ಕಮಾಂಡು ನಡೆಸುವ ಶೆಲ್ ಆ ಫೈಲನ್ನು ಬರಿದು ಮಾಡಿತು. ರೂಮು, ರೇಟು, ನಾಷ್ಟಾ ಎಲ್ಲ ಕಾಳಿ ಪಾಲು. ಗಿಟ್‌ನಿಂದ ಹಳೇ ಪ್ರತಿ ಎಳೆದು ತಂದ. ಈ ಸಲ ಬೇರೆ ಫೈಲಿಗೆ ಬರೆದು ಹೆಸರು ಬದಲಿಸಿದ. ಅಷ್ಟರಲ್ಲಿ ಎರಡು ಸಲ ಚಹಾ ಆಗಿತ್ತು.

ನಲವತ್ತು ಹೋಮ್‌ಸ್ಟೇಗಳ ರೇಟು ಒಮ್ಮೆಗೇ ತಿದ್ದಬೇಕಾದ ಏಜೆಂಟನಿಗೆ ಈ ವಿದ್ಯೆ ವರವೇ ಸರಿ. ಒಂದು ಕಮಾಂಡು, ಕೆಲಸ ಖಲಾಸ್. ಕಾಕಾನದು ಒಂದು ಮನೆ, ನಾಲ್ಕು ರೂಮು.

ಮುಂದಿನ ಸೀಸನ್ನಿಗೂ ಬರಲಿ ಎಂದು ತಮ್ಮ ಹೊಸ ರೇಟನ್ನು ‘ಆರ್ಗ್’ ಎಂಬ ಆಯ್ಕೆಯ ಮೂಲಕ ಹೊರಗಿನಿಂದ ಕೊಟ್ಟಿದ್ದ. ಹಾಗೆ ಬಂದದ್ದೆಲ್ಲ ಜೆಕ್ಯೂ ಲೆಕ್ಕದಲ್ಲಿ ಅಂಕಿಯಲ್ಲ, ಅಕ್ಷರ. ಅಂಕಿಯೇ ಬೇಕಿದ್ದರೆ ‘ಆರ್ಗ್‌ಜೇಸನ್’ ಅನ್ನಬೇಕು. 2500ರ ಎರಡೂ ಕಡೆ ಕೋಟ್ ಬಿತ್ತು. ವೆಬ್‌ಸೈಟಿನ ಜಾವಾಸ್ಕ್ರಿಪ್ಟು ಅದಕ್ಕೆ ನಾಷ್ಟಾದ 300 ಕೂಡಿಸಲು ಹೋಗಿ ಪಕ್ಕಕ್ಕೆ ಅಂಟಿಸಿತು. ಒಂದು ರಾತ್ರಿಗೆ 2500300 ರೂಪಾಯಿ.

ಸಂಜೆ ಹುಬ್ಬಳ್ಳಿಯಿಂದ ಫೋನು. “ಇಪ್ಪತ್ತೈದು ಲಕ್ಷ ಸ್ವಲ್ಪ ಜಾಸ್ತಿ ಆತಲ್ರೀ?”

ವ್ಯಾಪಾರದಲ್ಲಿ ಪಳಗಿದ ಕಾಕಾ ಪರದೆ ನೋಡಿದರು, ತಮ್ಮನನ್ನು ನೋಡಿದರು.

“ನಾಷ್ಟಾ ಸೇರಿಸೇ ಐತ್ರಿ ಅದ್ರಾಗ.”