ನಿಂತವರ ಪ್ಯಾಂಟು, ಕೂತವರ ಪಾಡು

ನಮ್ಮ ಕಡೆ ಹೆಂಗಸರ ಮೈಯಳತೆ ಮೈಯಲ್ಲಿರುವುದಿಲ್ಲ, ಅಳತೆ ಬ್ಲೌಸಿನಲ್ಲಿರುತ್ತದೆ. ಬೀರುವಿನ ಕೆಳಗಿನ ಖಾನೆಯಲ್ಲಿ ಮಡಿಚಿಟ್ಟ ಆ ಬ್ಲೌಸು, ಯಾವುದೋ ಕಾಲದಲ್ಲಿ ಯಾರದೋ ಮದುವೆಯ ದಿನ ಸರಿಯಾಗಿ ಕೂತಿತ್ತು ಎಂಬ ಒಂದೇ ಅರ್ಹತೆಯ ಮೇಲೆ ಇವತ್ತಿಗೂ ಅಧಿಕಾರದಲ್ಲಿದೆ. ಟೈಲರ್ ಅಂಗಡಿಯಲ್ಲಿ ನಾವು ಟೇಪಿನ ಮುಂದೆ ನಿಲ್ಲುವವರಲ್ಲ. ಬ್ಲೌಸನ್ನು ಕೌಂಟರಿನ ಮೇಲಿಟ್ಟು, “ಇದೇ ಅಳತೆ ಮಾಸ್ಟ್ರೇ. ತೋಳು ಒಂದಿಂಚು ಸಡಿಲ ಮಾಡಿ, ಎದೆ ಅರ್ಧ ಇಂಚು ಬಿಡಿ, ಕಂಕುಳು ಹಿಡಿಯುತ್ತೆ ನೋಡ್ಕೊಳ್ಳಿ, ಉದ್ದ ಸಾಲದು, ಮಿಕ್ಕಿದ್ದೆಲ್ಲ ಹೀಗೇ ಇರಲಿ” ಎಂದು ಹೇಳಿ ಬರುತ್ತೇವೆ. ಮಿಕ್ಕಿದ್ದು ಎಂದರೆ ಹುಕ್ಕುಗಳು.

ಪ್ಯಾಂಟಿಗೆ ಇಂಥ ಪೂರ್ವಜರಿಲ್ಲ. ನಮ್ಮ ಮನೆಯ ಮೂರು ತಲೆಮಾರಿನ ಹೆಂಗಸರ ಬೀರು ಜಾಲಾಡಿದರೂ ಅಳತೆ ಪ್ಯಾಂಟು ಎಂಬುದು ಸಿಕ್ಕುವುದಿಲ್ಲ. ಹಾಗಾಗಿ ಕಾಲಿಗೆ ಒಪ್ಪುವ ಕಿರಿದಾದ ಪ್ಯಾಂಟೊಂದನ್ನು ಮನೆಯಲ್ಲೇ ಹೊಲಿಯುತ್ತೇನೆಂದು ಹೊರಟ ನನಗೆ ನೇರವಾಗಿ ಮೈಯನ್ನೇ ಅಳೆಯಬೇಕಾಗಿ ಬಂತು. ಇದು ಯಾರಿಗೂ ಒಳ್ಳೆಯದಲ್ಲ.

ಅಂಗಡಿಗಳಲ್ಲಿ ಈ ಪ್ಯಾಂಟಿಗೆ ಸಿಗರೇಟ್ ಪ್ಯಾಂಟ್ ಎನ್ನುತ್ತಾರೆ. ಅತ್ತೆಯ ಎದುರಿಗೆ ನಾನು ಪೆನ್ಸಿಲ್ ಪ್ಯಾಂಟ್ ಎಂದೇ ಹೇಳಿಕೊಂಡು ಬಂದಿದ್ದೇನೆ.

ಕೊಂಡುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಂಡದ್ದರಲ್ಲಿ ಜೇಬಿಲ್ಲ. ಜೇಬಿರಬೇಕಾದ ಜಾಗದಲ್ಲಿ ಜೇಬಿನ ಅಂಚು ಇರುತ್ತದೆ, ಅದರ ಮೇಲೆ ಎರಡು ಸಾಲು ಚೆಂದದ ಹೊಲಿಗೆ ಇರುತ್ತದೆ, ಕೆಲವು ಸಲ ಒಂದು ಗುಂಡಿಯೂ ಇರುತ್ತದೆ. ಕೈ ಹಾಕಲು ಹೋದರೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಇದು ನಮ್ಮ ಮೈಸೂರಿನ ದುಃಖ ಮಾತ್ರವಲ್ಲ. 2018ರಲ್ಲಿ ‘ದಿ ಪುಡಿಂಗ್’ ಎಂಬ ಅಮೆರಿಕದ ಪತ್ರಿಕೆಯವರು 20 ಬ್ರಾಂಡಿನ ಜೀನ್ಸ್ ತಂದು ಜೇಬುಗಳನ್ನು ಅಳೆದರು. ಹೆಂಗಸರ ಮುಂಜೇಬು ಗಂಡಸರದಕ್ಕಿಂತ ಸರಾಸರಿ ಶೇಕಡಾ 48ರಷ್ಟು ಗಿಡ್ಡವಂತೆ. ಸೀರೆಯಲ್ಲಿ ಹೊಲಿಗೆಯೇ ಇಲ್ಲ, ಆದರೂ ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ಚಿಲ್ಲರೆ ಇಡಬಹುದು, ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಬಹುದು, ಬಸ್ಸಿನಲ್ಲಿ ಪರ್ಸು ಎಲ್ಲಿರುತ್ತದೆಂದು ಎಲ್ಲರಿಗೂ ಗೊತ್ತು. ಇಷ್ಟು ಹೊಲಿಗೆಯಿರುವ ಪ್ಯಾಂಟು ಹತ್ತು ರೂಪಾಯಿ ಇಟ್ಟುಕೊಳ್ಳಲು ಒಪ್ಪುವುದಿಲ್ಲ ಎಂದರೆ ಹೇಗೆ?

ಹೆಂಗಸು ಮತ್ತು ಪ್ಯಾಂಟು ಎಂಬ ವಿಷಯದಲ್ಲಿ ಲೋಕ ಮೊದಲಿನಿಂದಲೂ ತಲೆ ಕೆಡಿಸಿಕೊಂಡೇ ಇದೆ. 1800ರಲ್ಲಿ ಪ್ಯಾರಿಸ್ ಪೊಲೀಸರು ಒಂದು ಆಜ್ಞೆ ಹೊರಡಿಸಿದ್ದರು: ಹೆಂಗಸು ಗಂಡುಡುಪು ತೊಡಬೇಕಾದರೆ ಪೊಲೀಸರ ಅನುಮತಿ ಪತ್ರ ಬೇಕು. ಮುಂದೆ 1892ರಲ್ಲೂ 1909ರಲ್ಲೂ ಸ್ವಲ್ಪ ಕರುಣೆ ತೋರಿಸಿ, ಕುದುರೆಯ ಲಗಾಮೋ ಸೈಕಲ್ಲಿನ ಹ್ಯಾಂಡಲ್ಲೋ ಕೈಯಲ್ಲಿದ್ದರೆ ಅಡ್ಡಿಯಿಲ್ಲ ಎಂದರು. ಇದಕ್ಕೆ ಕಾನೂನಿನ ಬೆಲೆಯಿಲ್ಲವೆಂದು ಫ್ರಾನ್ಸ್ ಸರ್ಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ. ನಾನು ತರಕಾರಿಗೆ ಸ್ಕೂಟರಿನಲ್ಲಿ ಹೋಗುವವಳು. ಅಂದಿನ ಪ್ಯಾರಿಸ್ಸಿನಲ್ಲೂ ಮಾರ್ಕೆಟ್ಟಿನವರೆಗೆ ನನ್ನನ್ನು ಯಾರೂ ಮುಟ್ಟುವಂತಿರಲಿಲ್ಲ. ಗಾಡಿಗೆ ಸ್ಟ್ಯಾಂಡ್ ಹಾಕಿದ ಕೂಡಲೇ ಹಿಡಿಯುತ್ತಿದ್ದರು.

ಬಟ್ಟೆ ತರಲು ದೇವರಾಜ ಅರಸು ರಸ್ತೆಗೆ ಹೋದೆ. “ಸ್ಟ್ರೆಚ್ ಬೇಕಾ ಅಕ್ಕ, ಪ್ಲೇನ್ ಬೇಕಾ?” ಎಂದ ಹುಡುಗ ಉತ್ತರಕ್ಕೆ ಕಾಯದೆ ಬಟ್ಟೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು, ಬಿಟ್ಟು, ನನ್ನನ್ನು ಒಮ್ಮೆ ನೋಡಿ, “ಸ್ಟ್ರೆಚ್ಚೇ ತಗೊಳ್ಳಿ” ಎಂದ. ಹತ್ತಿಯಲ್ಲಿ ಶೇಕಡಾ ಎರಡೋ ಮೂರೋ ಲೈಕ್ರಾ ಸೇರಿದರೆ ಸಾಕು, ಬಟ್ಟೆಗೆ ಹೊಂದಾಣಿಕೆಯ ಗುಣ ಬರುತ್ತದೆ. ಆ ಎಳೆಯನ್ನು ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞ 1958ರಲ್ಲಿ ತಯಾರಿಸಿದ್ದು ಹೆಂಗಸರ ಹೊಟ್ಟೆ ಬಿಗಿಯುವ ಒಳಪಟ್ಟಿಯ ರಬ್ಬರಿಗೆ ಬದಲಿಯಾಗಿ. ಬಿಗಿಯುವುದಕ್ಕೆಂದು ಹುಟ್ಟಿದ್ದು ಈಗ ಸಡಿಲಿಸುವ ಕೆಲಸ ಮಾಡುತ್ತಿದೆ. ನನ್ನ ಹೊಟ್ಟೆಯ ಮಟ್ಟಿಗೆ ಇದು ಒಳ್ಳೆಯ ಪ್ರಗತಿ.

ಲೈಕ್ರಾ ಬರುವ ಎಷ್ಟೋ ಮೊದಲೇ ನಮ್ಮಲ್ಲಿ ಚೂಡಿದಾರ ಇತ್ತು ಎಂಬುದನ್ನು ಮರೆಯಬಾರದು. ಕರ್ಚೀಫನ್ನು ಅಂಚಿನ ನೇರಕ್ಕೆ ಎಳೆಯಿರಿ, ಅಲ್ಲಾಡುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ, ಬಾಗಿ ಬರುತ್ತದೆ. ಈ ಓರೆಯಲ್ಲೇ ಕತ್ತರಿಸುವುದರಿಂದ ಚೂಡಿದಾರದ ಕಾಲು ಮೀನಖಂಡವನ್ನು ಅಪ್ಪಿಕೊಂಡೂ ನಡೆಯಲು ಬಿಡುತ್ತದೆ, ಕ್ರಾಸ್ ಕಟ್ ಬ್ಲೌಸು ಉಸಿರಾಡಲು ಬಿಡುತ್ತದೆ. ಆದರೆ ಓರೆಯಲ್ಲಿ ಕತ್ತರಿಸಿದರೆ ಬಟ್ಟೆ ಬಹಳ ಹಾಳು. ಆ ದಿನ ನನ್ನ ಕೈಯಲ್ಲಿದ್ದ ದುಡ್ಡು ನೇರವಾಗಿ ಕತ್ತರಿಸುವಷ್ಟೇ ಇತ್ತು.

ಇನ್ನು ಅಳತೆ. ನಮ್ಮನೆಯವರು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಟೇಪು ಕಂಡರೆ ಅವರ ಕಣ್ಣಿನಲ್ಲಿ ಹಳೆಯ ಬೆಳಕು ಬರುತ್ತದೆ. “ಒಂದು ಸಲದ ಅಳತೆ ಅಳತೆಯೇ ಅಲ್ಲ” ಎನ್ನುತ್ತಾ ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ತೆಗೆದರು. ಸೊಂಟ, ಸೀಟು, ತೊಡೆ, ಮೊಣಕಾಲು, ಬಾಟಮ್. ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ದಾಖಲೆಗೆ ಸೇರಿದವು. ಒಂದನ್ನು ಮಾತ್ರ ಹೇಳಬಹುದು, ಏಕೆಂದರೆ ಅದರಲ್ಲಿ ಮರ್ಯಾದೆಯ ಪ್ರಶ್ನೆಯಿಲ್ಲ: ಹಿಮ್ಮಡಿಯಿಂದ ಪಾದದ ಮೇಲಕ್ಕೆ ಸುತ್ತಿದರೆ ಹನ್ನೆರಡೂವರೆ ಇಂಚು. ಪ್ಯಾಂಟಿನ ಬಾಟಮ್ ಎಷ್ಟು ಕಿರಿದಾಗಬಹುದು ಎಂದು ತೀರ್ಮಾನಿಸುವುದು ತೆಳ್ಳಗಿನ ಕಣಕಾಲಲ್ಲ, ಈ ಹಿಮ್ಮಡಿ. ನನಗೆ ಬೇಕಿದ್ದದ್ದು ಹನ್ನೊಂದು ಇಂಚು. ಕೊನೆಗೆ ಪಕ್ಕದಲ್ಲಿ ಸಣ್ಣ ಸೀಳು ಬಿಡುವುದೆಂದು ರಾಜಿಯಾಯಿತು. ಈ ಪ್ಯಾಂಟುಗಳ ಕಾಲಿನ ತುದಿಯಲ್ಲಿ ಸೀಳಿರುವುದು ಚೆಂದಕ್ಕೆ ಎಂದುಕೊಂಡಿರುವವರಿಗೆ ಇದು ತಿಳಿದಿರಲಿ.

ಈ ಎಲ್ಲ ಅಳತೆಗಳನ್ನೂ ನಿಂತೇ ಕೊಡಬೇಕು. ನೆಟ್ಟಗೆ, ಕಾಲು ಜೋಡಿಸಿ, ಉಸಿರು ಸಹಜವಾಗಿ ಬಿಟ್ಟು. ಕೂತು ಕೊಡುವ ಅಳತೆ ಒಂದೇ ಒಂದು: ಗಟ್ಟಿ ಕುರ್ಚಿಯ ಮೇಲೆ ಕೂತಾಗ ಸೊಂಟದಿಂದ ಕುರ್ಚಿಯ ಹಲಗೆಯವರೆಗೆ ಪಕ್ಕದಲ್ಲಿ ಎಷ್ಟು ಬರುತ್ತದೆ ಎಂಬುದು. ಎರಡು ಕಾಲು ಕೂಡುವ ಜಾಗ, ಟೈಲರುಗಳು ಫೋರ್ಕ್ ಎನ್ನುವುದು, ಎಷ್ಟು ಕೆಳಗೆ ಬರಬೇಕೆಂದು ಅದರಿಂದ ಗೊತ್ತಾಗುತ್ತದೆ. ಅದೂ ಕುರ್ಚಿಯ ಮೇಲೆ. ಈ ಶಾಸ್ತ್ರ ಕಟ್ಟಿದವರು ನೆಲದ ಮೇಲೆ ಕೂತು ಹಲಸಿನ ಹಣ್ಣು ಬಿಡಿಸಿದವರಲ್ಲ ಎಂಬುದು ಅಲ್ಲೇ ಸ್ಪಷ್ಟವಾಗುತ್ತದೆ.

ಹಳೆಯ ಪೇಪರಿನ ಮೇಲೆ ಗೆರೆ ಎಳೆದೆ. ಮುಂದಿನ ಪೀಸಿನ ಫೋರ್ಕ್ ಗಿಡ್ಡ ಬಾಗು, ಹಿಂದಿನದು ಉದ್ದ ಬಾಗು. ಮುಂದಿನದಕ್ಕೆ ಲೋಟದ ಅಂಚು ಸಾಕಾಯಿತು, ಹಿಂದಿನದಕ್ಕೆ ಊಟದ ತಟ್ಟೆ ಬೇಕಾಯಿತು. ತಟ್ಟೆ ಸಾಲದೆ ಬಂದಾಗ ಮಗಳು ಏನೂ ಹೇಳದೆ ಅಡುಗೆಮನೆಗೆ ಹೋಗಿ ಹಪ್ಪಳ ಕರಿಯುವ ಬಾಣಲೆ ತಂದುಕೊಟ್ಟಳು. ಅವಳ ಮೌನವನ್ನು ನಾನು ಗಮನಿಸಿದ್ದೇನೆ.

ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅಗ್ಗದ ಬಟ್ಟೆಯಲ್ಲಿ ಕಚ್ಚಾ ಪ್ಯಾಂಟು ಹೊಲಿದು ನೋಡಬೇಕು. ಮನೆಯಲ್ಲಿದ್ದ ಅಗ್ಗದ ಬಟ್ಟೆ ಹಳೆಯ ಬೆಡ್‌ಶೀಟು, ಅದರ ತುಂಬ ನವಿಲು. ಕತ್ತರಿಸಿ ಹೊಲಿದು ಹಾಕಿಕೊಂಡಾಗ ಎರಡು ನವಿಲು ಎದುರುಬದುರು ಬಂದು ಕೂತವು. ಎಲ್ಲಿ ಎಂದು ಹೇಳುವುದಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿ, “ಜೋಡಿ ಚೆನ್ನಾಗಿ ಕೂಡಿದೆ ಕಣೇ” ಎಂದರು.

ಪ್ಯಾಂಟಿನ ಫಿಟ್ಟಿಂಗ್ ಎಂದರೆ ಸುಕ್ಕು ಓದುವ ವಿದ್ಯೆ. ಅಡ್ಡಡ್ಡ ಬಿಗಿದ ಗೆರೆ ಬಂದರೆ ಅಲ್ಲಿ ಬಟ್ಟೆ ಸಾಲದು. ಜೋತು ಬಿದ್ದ ಮಡಿಕೆ ಬಂದರೆ ಅಲ್ಲಿ ಬಟ್ಟೆ ಹೆಚ್ಚು. ಫೋರ್ಕಿನಿಂದ ತೊಡೆಯ ಕಡೆಗೆ ಬೀಸಣಿಗೆಯ ಕಡ್ಡಿಗಳು ಬಿಚ್ಚಿಕೊಂಡಂತೆ ಗೆರೆಗಳು ಹೊರಟರೆ ಆ ಬಾಗಿನ ಉದ್ದ ಕಡಿಮೆಯಾಗಿದೆ. ಗೆರೆ ಎತ್ತ ಬೆರಳು ತೋರಿಸುತ್ತದೋ ಅಲ್ಲಿ ತಪ್ಪಿದೆ. ಇದನ್ನು ಹೇಳಿದ್ದೇ ತಡ, ನಮ್ಮನೆಯವರು ನನ್ನ ಹಿಂದೆ ಮೊಣಕಾಲೂರಿ ಕೂತರು, ಕೈಯಲ್ಲಿ ಟೈಲರ್ ಚಾಕ್‌ಪೀಸು, ಬಾಯಲ್ಲಿ ಗುಂಡುಸೂಜಿ. “ಇಲ್ಲಿ ಇಳಿಜಾರು ಜಾಸ್ತಿ ಇದೆ. ಇಲ್ಲೊಂದು ಹಳ್ಳ. ಎಡಗಡೆ ಗಡಿ ಒತ್ತುವರಿಯಾಗಿದೆ” ಎಂದು ಮೂವತ್ತು ವರ್ಷದ ಸೇವೆಯನ್ನೆಲ್ಲ ನನ್ನ ಬೆನ್ನ ಹಿಂದೆ ಸುರಿದರು. ಪಕ್ಕದ ಹೊಲಿಗೆ ಅರ್ಧ ಇಂಚು ಬಿಟ್ಟರೆ ಆ ಸುಕ್ಕು ಹೋಗಿ ಮೊಣಕಾಲ ಹಿಂದೆ ಬಂತು. ಅಲ್ಲಿ ಹಿಡಿದರೆ ಸೀಟಿನ ಕೆಳಗೆ ಹೋಯಿತು. “ಇದು ವಜಾ ಆಗೋ ಗಿರಾಕಿ ಅಲ್ಲ, ಬರೀ ವರ್ಗಾವಣೆ ಆಗ್ತಿರತ್ತೆ” ಎಂದು ಅವರು ಎದ್ದರು.

ಬೀದಿಯ ಕೊನೆಯ ಟೈಲರ್ ಮಾಸ್ಟ್ರನ್ನು ಕೇಳಿದೆ. ಅವರು ಕಣ್ಣೆತ್ತದೆ ಕಾಜಾ ಹಾಕುತ್ತಲೇ, “ಸೀಟಿನ ಕೆಳಗಿನ ಸುಕ್ಕು ಪೂರ್ತಿ ತೆಗೀಬೇಡಿ ಮೇಡಂ. ತೆಗೆದ್ರೆ ನಿಂತ್ಕೊಂಡೇ ಇರ್ಬೇಕಾಗತ್ತೆ” ಎಂದರು. ಕೂತಾಗ ಬೆನ್ನ ಕೆಳಗಿನ ಉದ್ದ ಹಿಗ್ಗುತ್ತದೆ, ಅದಕ್ಕೆ ಬೇಕಾದ ಬಟ್ಟೆ ಎಲ್ಲಿಂದಲಾದರೂ ಬರಬೇಕು. ನಿಂತಾಗ ಸುಕ್ಕಾಗಿ ಕಾಣುವುದೇ ಆ ಉಳಿತಾಯ. ಅಂಗಡಿಯ ಗಾಜಿನ ಹಿಂದಿನ ಗೊಂಬೆಗೆ ಒಂದೂ ಸುಕ್ಕಿಲ್ಲದೆ ಪ್ಯಾಂಟು ಕೂರುವುದು ಏಕೆಂದರೆ ಆ ಗೊಂಬೆಗೆ ರಂಗೋಲಿ ಹಾಕುವ ಕೆಲಸವಿಲ್ಲ, ಮಂಚದ ಕೆಳಗೆ ಹೋದ ಚಪ್ಪಲಿ ಎಳೆಯುವ ಕೆಲಸವಿಲ್ಲ.

ಬಟ್ಟೆಯನ್ನು ಮೈಗೆ ಹೊಂದಿಸುವ ತಾಪತ್ರಯ ಬೇಡವೆಂದು ಮೈಯನ್ನೇ ಬಟ್ಟೆಗೆ ಹೊಂದಿಸಿದ ಮಹಾನುಭಾವರೂ ಇದ್ದರು. ಫ್ಯಾಷನ್ ಲೋಕದ ದೊಡ್ಡ ವಿನ್ಯಾಸಕಾರ ಕಾರ್ಲ್ ಲಾಗರ್‌ಫೆಲ್ಡ್, ಹೆಡಿ ಸ್ಲಿಮಾನ್ ಎಂಬ ಕಿರಿಯ ವಿನ್ಯಾಸಕಾರನ ಕಿರಿದಾದ ಉಡುಪು ತೊಡಬೇಕೆಂಬ ಆಸೆಗೆ ಬಿದ್ದು ಒಂದು ವರ್ಷ ಚಿಲ್ಲರೆ ಕಾಲದಲ್ಲಿ 40 ಕಿಲೋಗೂ ಹೆಚ್ಚು ತೂಕ ಇಳಿಸಿದರು. ಇದನ್ನು ಓದಿ ಹೇಳಿದಾಗ ಅತ್ತೆ ಬಹಳ ಹೊತ್ತು ಯೋಚಿಸಿದರು. “ಅಷ್ಟು ಒದ್ದಾಡೋ ಬದಲು ಒಂದು ಗಜ ಬಟ್ಟೆ ಜಾಸ್ತಿ ತಗೊಂಡಿದ್ರೆ ಆಗ್ತಿರಲಿಲ್ವಾ, ಪಾಪ?”

ಹೊಲಿದದ್ದು ಅಮ್ಮ ಕೊಟ್ಟ ಕಾಲುಮೆಷಿನ್ನಿನಲ್ಲಿ. ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ಕಂಡು ಮರುಗಿ ಸಿಂಗರ್ ಅದನ್ನು ಮಾಡಿದ ಎಂದು ಅವರು ಮೆಚ್ಚಿಕೊಂಡರು. ಆದರೆ ಅವರು ತುಂಡು ಪಂಚೆಗೆ ಇಳಿದು ಆಗಲೇ ಮೂರು ವರ್ಷವಾಗಿತ್ತು ಎಂಬುದನ್ನೂ ನೆನಪಿಡಬೇಕು. ಫೋರ್ಕ್ ಕೂಡಿಸುವ ಪ್ರಸಂಗ ಅವರಿಗೆ ಬಂದಿರಲಾರದು. ಕಾಲುಮೆಷಿನ್ನಿಗೆ ಗೊತ್ತಿರುವುದು ನೇರ ಹೊಲಿಗೆ ಒಂದೇ. ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ಜಿಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ, ಸೊಂಟಕ್ಕೆ ಎಲಾಸ್ಟಿಕ್ ಹಾಕಿದೆ.

ಪ್ಯಾಂಟು ಸಿದ್ಧವಾದ ಬೆಳಗ್ಗೆ ಕನ್ನಡಿಯ ಮುಂದೆ ಮುಂದಿನಿಂದ, ಪಕ್ಕದಿಂದ, ಕತ್ತು ತಿರುಗುವಷ್ಟು ಹಿಂದಿನಿಂದ ನೋಡಿಕೊಂಡೆ. ಕುರ್ಚಿಯಲ್ಲಿ ಕೂತೆ, ಎದ್ದೆ. ಸ್ಕೂಟರಿನ ಮೇಲೆ ಕಾಲು ಹಾಕಿ ನೋಡಿದೆ. ಎಲ್ಲ ಸರಿ. ಆ ಧೈರ್ಯದಲ್ಲಿ ಬಾಗಿಲ ಮುಂದೆ ನೀರು ಹಾಕಿ ರಂಗೋಲಿಗೆ ಕುಕ್ಕರುಗಾಲಿನಲ್ಲಿ ಕೂತೆ. ಮೊದಲ ಸಾಲು ಚುಕ್ಕಿ ಇಡುವಷ್ಟರಲ್ಲಿ ಹಿಂದೆ ‘ಟಪ್’ ಎಂದಿತು. ಬಾಗಿಲು ಬಡಿದರೆ ಕೇಳದ ಅತ್ತೆಗೆ ಒಳಕೋಣೆಯಲ್ಲಿ ಇದು ಕೇಳಿಸಿತು. “ಏನೇ ಅದು?” “ಏನಿಲ್ಲ ಅತ್ತೆ, ದಾರ.” ಅಂದಿನ ರಂಗೋಲಿಯನ್ನು ನಾನು ಗೋಡೆಗೆ ಬೆನ್ನು ಕೊಟ್ಟುಕೊಂಡು ಮುಗಿಸಿದೆ. ಹಾಗಾಗಿ ಅದು ಬೀದಿಗೆ ಅಭಿಮುಖವಾಗುವ ಬದಲು ಮನೆಗೆ ಅಭಿಮುಖವಾಗಿತ್ತು.

ಇದಕ್ಕೆ ಮದ್ದು ಸರಳ. ಬಟ್ಟೆಯನ್ನು ಎರಡೂ ಕಡೆ ಸ್ವಲ್ಪ ಎಳೆದು ಹಿಡಿದುಕೊಂಡೇ ಹೊಲಿಯಬೇಕು, ಆಗ ದಾರಕ್ಕೂ ಒಂದಿಷ್ಟು ಸಡಿಲ ಸಿಗುತ್ತದೆ. ಫೋರ್ಕಿನ ಬಾಗಿಗೆ ಎರಡನೆಯ ಸಾಲು ಹೊಲಿಗೆ ಬೀಳಬೇಕು. ಹಿಂದಿನ ಪೀಸಿಗೆ ಅರ್ಧ ಇಂಚು ಉದ್ದ ಬಿಡಬೇಕು. ಸುಕ್ಕು ಬಂದರೆ ಬರಲಿ. ಬಂತು. ಈಗ ನಾನು ನಿಂತರೆ ಸೀಟಿನ ಕೆಳಗೆ ಎರಡು ಮಡಿಕೆ ಕಾಣುತ್ತವೆ, ಕೂತರೆ ಮಾಯವಾಗುತ್ತವೆ. ನನ್ನನ್ನು ನೋಡುವವರು ನಾನು ಕೂತಿದ್ದಾಗ ಬಂದು ನೋಡತಕ್ಕದ್ದು.

ಮುಖ್ಯ ವಿಷಯ ಜೇಬು. ನಮ್ಮನೆಯವರ ಹಳೆಯ ಪಂಚೆ ಕತ್ತರಿಸಿ ಮಣಿಕಟ್ಟು ಮುಳುಗುವಷ್ಟು ಆಳದ ಎರಡು ಜೇಬು ಹಾಕಿದೆ. ಕಿರಿದಾದ ಪ್ಯಾಂಟಿನಲ್ಲಿ ಜೇಬಿನ ಚೀಲ ತೊಡೆಯ ಪಕ್ಕ ಮುದುಡಿಕೊಂಡು ಗಂಟಾಗಿ ಕಾಣುತ್ತದೆ. ಅದನ್ನು ಮುಂದಕ್ಕೆ ಹಾಯಿಸಿ ಮೇಲಂಚನ್ನು ಸೊಂಟದ ಪಟ್ಟಿಗೆ ಸೇರಿಸಿ ಹೊಲಿದರೆ ಅಲುಗದೆ ಕೂರುತ್ತದೆ. ಮೊದಲ ದಿನ ಮಾರ್ಕೆಟ್ಟಿಗೆ ಬ್ಯಾಗಿಲ್ಲದೆ ಹೋದೆ. ಮೊಬೈಲು, ದುಡ್ಡು, ಗಾಡಿ ಕೀ, ಚೀಟಿ ಎಲ್ಲ ಒಳಗೆ. ನಿಂಬೆಹಣ್ಣಿನವಳು ಕೊಸರಿಗೆ ಕೊಟ್ಟ ಒಂದು ನಿಂಬೆಹಣ್ಣನ್ನೂ ಅಲ್ಲೇ ಇಟ್ಟುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ಸೊಪ್ಪು ಆರಿಸುವುದನ್ನು ಬಿಟ್ಟು, “ನಿಜವಾದ ಜೇಬಾ ಮೇಡಂ?” ಎಂದು ಕೇಳಿದಳು. ಕೈ ಹಾಕಿ ನೋಡಲು ಬಿಟ್ಟೆ.

ಸಂಜೆ ಅತ್ತೆ ತಮ್ಮ ಒಗೆದಿಟ್ಟ ಒಳಲಂಗ ತಂದು ಮೆಷಿನ್ನಿನ ಮೇಲೆ ಇಟ್ಟರು.

“ಇದಕ್ಕೂ ಒಂದು ಹಾಕಿಬಿಡು. ಬಲಗಡೆ.”

“ಎಷ್ಟು ಆಳ ಅತ್ತೆ?”

“ಬೀಗದ ಕೈ, ಕನ್ನಡಕ, ಅಡಕೆ ಡಬ್ಬಿ ಹಿಡಿದ್ರೆ ಸಾಕು. ಮೊಬೈಲಿಗೆ ಬೇಕಾದ್ರೆ ಎಡಗಡೆ ಇನ್ನೊಂದು.” ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಅವನಿಗೆ ಹೇಳ್ಬೇಡ. ಟೇಪು ತಗೊಂಡು ಬಂದ್ಬಿಡ್ತಾನೆ.”