ತಿರಾನೊ ತಲುಪುವ ಮೊದಲು ಒಂದು ಊಟ

"ಮಿಲಾನ್‌ನಿಂದ ಬೆಳಗಿನ ರೈಲು, ತಿರಾನೊದಲ್ಲಿ ಇಳಿದು ಆ ಕೆಂಪು ರೈಲು. ನಡುವೆ ಎಲ್ಲಾದರೂ ಪಿಜ್ಜಾ ತಿಂದರಾಯಿತು" ಎಂದು ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ತಮ್ಮ ಪ್ರವಾಸದ ಲೆಕ್ಕ ಒಪ್ಪಿಸಿದರು. ಮಗ ಮಿಲಾನ್‌ನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಸೆಪ್ಟೆಂಬರಿಗೆ ಅಪ್ಪ ಅಮ್ಮ ಇಬ್ಬರೂ ಹೊರಟಿದ್ದಾರೆ. ಗಿಡದಿಂದ ದಾಸವಾಳ ಬಿಡಿಸುತ್ತಿದ್ದ ಮೇಷ್ಟ್ರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, "ನನಗೆ ಒಂದು ಡಬ್ಬ ಚಪಾತಿ, ಒಂದಿಷ್ಟು ಚಟ್ನಿಪುಡಿ ಇದ್ದರೆ ಆಯ್ತಪ್ಪ" ಎಂದರು.

ತಿರಾನೊ ಇರುವ ಆ ಕಣಿವೆಯ ಊಟದ ಮಾತು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಅಣ್ಣನ ಮಗಳು ಮಿಲಾನ್‌ನಲ್ಲಿ ಓದುತ್ತಿದ್ದ ಕಾಲದಲ್ಲಿ ಅವಳ ಜೊತೆ ಹೋಗಿ ಅಲ್ಲಿ ಉಂಡು ಬಂದಿದ್ದೇನೆ. ಮೇಷ್ಟ್ರೇ, ನೀವು ರೈಲು ನೋಡಲು ಹೋಗುತ್ತಿದ್ದೀರಿ, ಒಳ್ಳೆಯದು. 1910ರಿಂದ ಓಡುತ್ತಿರುವ ರೈಲು ಅದು. 429 ಮೀಟರ್ ಎತ್ತರದ ತಿರಾನೊದಿಂದ ಹೊರಟು 2,253 ಮೀಟರ್ ಎತ್ತರದ ಬೆರ್ನಿನಾ ಕಣಿವೆದಾರಿ ದಾಟಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ಗೆ ಹೋಗುತ್ತದೆ. 2008ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆದರೆ ಆ ರೈಲು ಹತ್ತುವ ಗಡಿಬಿಡಿಯಲ್ಲಿ ನಮ್ಮ ಜನ ವಾಲ್ತೆಲ್ಲೀನ ಎನ್ನುವ ಇಡೀ ಕಣಿವೆಯನ್ನು ಕಿಟಕಿಯಲ್ಲೇ ದಾಟಿಬಿಡುತ್ತಾರೆ. ನಿಲ್ದಾಣದ ಎದುರು ಒಂದು ಪಿಜ್ಜಾ, ಒಂದು ಕೋಕ್, ಒಂದು ಫೋಟೊ, ಅಷ್ಟಕ್ಕೆ ಮುಗಿಯಿತು. ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಯಾಕೆ ಅಂತೀರಾ? ನಾವು ಇಲ್ಲಿ ಕೂತು "ಇಟಾಲಿಯನ್ ಊಟ" ಎನ್ನುವುದು ಬಹಳ ಮಟ್ಟಿಗೆ ದಕ್ಷಿಣ ಇಟಲಿಯದ್ದು. ಟೊಮೇಟೊ, ಆಲಿವ್ ಎಣ್ಣೆ, ಗೋಧಿಯ ಪಾಸ್ತಾ, ಎಲ್ಲ ಅಲ್ಲಿಯವು. ಆಲ್ಪ್ಸ್ ತಪ್ಪಲಿನ ಈ ಕಣಿವೆಯಲ್ಲಿ ಅಡುಗೆಗೆ ಬೆಣ್ಣೆ ಬೇಕು, ಚೀಸ್ ಬೇಕು, ಎಲೆಕೋಸು, ಆಲೂಗಡ್ಡೆ ಬೇಕು. ಹಿಟ್ಟು ಬಕ್‌ವೀಟ್‌ನದು. ಉತ್ತರ ಭಾರತದವರು ವ್ರತದ ದಿನ ತಿನ್ನುವ ಕುಟ್ಟು ಇದೆಯಲ್ಲ ಅಕ್ಕ, ಅದೇ ಕಾಳು. ಹೆಸರಿನಲ್ಲಿ ಗೋಧಿ ಇದ್ದರೂ ಅದು ಗೋಧಿಯ ಜಾತಿಯೇ ಅಲ್ಲ, ಹುಲ್ಲಿನ ಕುಲಕ್ಕೂ ಸೇರಿದ್ದಲ್ಲ. ಬಡ ನೆಲದಲ್ಲಿ, ಸುಮಾರು ಮೂರು ತಿಂಗಳಲ್ಲಿ ಕೈಗೆ ಬರುವ ಬೆಳೆ. ಬೇಸಿಗೆ ಚಿಕ್ಕದಾದ ಬೆಟ್ಟದ ಊರಿನಲ್ಲಿ ರೈ ಧಾನ್ಯ ಕೊಯ್ದ ಹೊಲಕ್ಕೇ ಜುಲೈನಲ್ಲಿ ಇದನ್ನು ಬಿತ್ತಿ, ಚಳಿ ಬೀಳುವುದರೊಳಗೆ ಕೊಯ್ದುಕೊಳ್ಳುತ್ತಿದ್ದರು. ಒಂದೇ ನೆಲದಲ್ಲಿ ವರ್ಷಕ್ಕೆ ಎರಡು ಬೆಳೆ ಸಿಕ್ಕಿದ್ದರಿಂದ ಎಷ್ಟೋ ತಲೆಮಾರು ಹೊಟ್ಟೆ ತುಂಬಿಸಿಕೊಂಡವು.

ಕಣಿವೆಯ ರೂಪವನ್ನೂ ಹೇಳಬೇಕು. ಅದ್ದಾ ನದಿ ಪೂರ್ವದಿಂದ ಪಶ್ಚಿಮಕ್ಕೆ ಹರಿದು ಕೋಮೊ ಸರೋವರ ಸೇರುತ್ತದೆ. ಹಾಗಾಗಿ ಒಂದು ದಂಡೆಯ ಬೆಟ್ಟ ದಿನವಿಡೀ ಬಿಸಿಲಿಗೆ ಮುಖ ಮಾಡಿ ನಿಂತಿದೆ. ಆ ಇಳಿಜಾರಿನ ತುಂಬ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು, ಗೋಡೆಯ ಹಿಂದೆ ಬೆನ್ನ ಮೇಲೆ ಹೊತ್ತು ತಂದು ತುಂಬಿದ ಮಣ್ಣು, ಮಣ್ಣಿನಲ್ಲಿ ದ್ರಾಕ್ಷಿ. ಸೋಂದ್ರಿಯೊ ಪಟ್ಟಣದ ಹತ್ತಿರ ರೈಲಿನ ಕಿಟಕಿಯಿಂದಲೇ ಕಾಣುತ್ತದೆ. ಕಲ್ಲುಗೋಡೆ ಕಟ್ಟುವ ಈ ಕೈಕೆಲಸವನ್ನು 2018ರಲ್ಲಿ ಇಟಲಿಯೂ ಸೇರಿ ಎಂಟು ದೇಶಗಳ ಹೆಸರಿನಲ್ಲಿ ಯುನೆಸ್ಕೊ ಗುರುತಿಸಿತು. 1512ರಿಂದ 1797ರವರೆಗೆ ಈ ಸೀಮೆ ಇಂದಿನ ಸ್ವಿಟ್ಜರ್ಲೆಂಡಿನ ಗ್ರಾವ್‌ಬ್ಯುಂಡನ್ ಪ್ರಾಂತ್ಯದವರ ಆಳ್ವಿಕೆಯಲ್ಲಿತ್ತು. ಇಲ್ಲಿಯ ವೈನು ಕತ್ತೆ, ಕುದುರೆಗಳ ಮೇಲೆ ಬೆಟ್ಟ ಹತ್ತಿ ಆ ಕಡೆ ಹೋಗುತ್ತಿತ್ತು. ನೀವು ಕುಡಿಯುವವರಲ್ಲ, ಆದರೂ ಗೋಡೆಗಳನ್ನು ನೋಡದೆ ಬರಬೇಡಿ.

ಈಗ ಊಟಕ್ಕೆ ಬರೋಣ. ಕಣಿವೆಗೆ ಹೆಸರು ಕೊಟ್ಟ ಊರು ತೆಲ್ಯೊ. ಬಿಸಿಲು ದಂಡೆಯ ಮೇಲೆ, ಬಯಲಿಗಿಂತ ಬಹಳ ಎತ್ತರದಲ್ಲಿ ಕೂತ ಊರು. ಅಲ್ಲಿಯ ಮುಖ್ಯ ಅಡುಗೆ ಪಿತ್ಸೊಕ್ಕೆರಿ. ಅದನ್ನು ಕಾಯಲೆಂದೇ ಆ ಊರಿನಲ್ಲಿ ಒಂದು ಅಕಾಡೆಮಿ ಕಟ್ಟಿಕೊಂಡಿದ್ದಾರೆ. ಅವರು ಒಪ್ಪಿ ಪ್ರಕಟಿಸಿದ ಲೆಕ್ಕ ಹೀಗಿದೆ. ನಾಲ್ಕು ಜನಕ್ಕೆ 400 ಗ್ರಾಂ ಬಕ್‌ವೀಟ್ ಹಿಟ್ಟು, 100 ಗ್ರಾಂ ಗೋಧಿ ಹಿಟ್ಟು, 250 ಗ್ರಾಂ ಆಲೂಗಡ್ಡೆ, 200 ಗ್ರಾಂ ಎಲೆಕೋಸು, 250 ಗ್ರಾಂ ಕಾಸೇರ ಚೀಸ್, 150 ಗ್ರಾಂ ಗ್ರಾನ ಚೀಸ್, 200 ಗ್ರಾಂ ಬೆಣ್ಣೆ. ಮೇಲೆ ಬೆಳ್ಳುಳ್ಳಿ, ಕರಿಮೆಣಸು. ಮೊಟ್ಟೆ ಇಲ್ಲ, ಮಾಂಸ ಇಲ್ಲ.

"ಇನ್ನೂರು ಗ್ರಾಂ ಬೆಣ್ಣೆ!" ಅಂದರು ಅಕ್ಕ. ಹೌದು. ಗೋಡೆ ಕಟ್ಟುವವರ, ಹುಲ್ಲು ಹೊರುವವರ ಊಟ ಅದು, ಹಿಮ ಬೀಳುವ ಊರಿನ ಊಟ. ಆ ಬೆಣ್ಣೆಯನ್ನು ಕಡಿಮೆ ಮಾಡಿ ಎಂದು ಕೇಳಬೇಡಿ. ತಟ್ಟೆಯಲ್ಲಿ ಅರ್ಧ ಬಿಟ್ಟರೂ ಪರವಾಗಿಲ್ಲ, ಹೇಗೆ ಮಾಡಬೇಕೋ ಹಾಗೆ ಮಾಡಿದ್ದನ್ನು ಬಾಯಿಗೆ ಹಾಕಿ ನೋಡಿ. ಬೂದು ಬಣ್ಣದ ಹಿಟ್ಟನ್ನು ಲಟ್ಟಿಸಿ, ಕಿರುಬೆರಳಿನುದ್ದದ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಕುದಿಯುವ ಉಪ್ಪುನೀರಿಗೆ ಮೊದಲು ಆಲೂಗಡ್ಡೆ, ಕೋಸು. ಐದು ನಿಮಿಷ ಬಿಟ್ಟು ಪಟ್ಟಿಗಳು. ಸುಮಾರು ಹತ್ತು ನಿಮಿಷ ಬೆಂದ ಮೇಲೆ ಜಾಲರಿ ಸೌಟಿನಲ್ಲಿ ಎತ್ತಿ ಬಿಸಿ ಪಾತ್ರೆಗೆ ಒಂದು ಪದರ, ಅದರ ಮೇಲೆ ಚೀಸ್, ಮತ್ತೆ ಪದರ, ಮತ್ತೆ ಚೀಸ್. ಕೊನೆಗೆ ಬೆಳ್ಳುಳ್ಳಿ ಹಾಕಿ ಕೆಂಪಗೆ ಕಾಸಿದ ಬೆಣ್ಣೆಯನ್ನು ಮೇಲಿಂದ ಸುರಿಯುತ್ತಾರೆ. ಕಲಸುವುದಿಲ್ಲ. ಬಿಸಿ ಆರುವ ಮೊದಲೇ ಮೇಜಿಗೆ ಬರುತ್ತದೆ. ಬಕ್‌ವೀಟ್‌ನ ಸಣ್ಣ ಕಹಿ, ಕೋಸಿನ ಸಿಹಿ, ಸುಟ್ಟ ಬೆಣ್ಣೆಯ ಪರಿಮಳ. ಖಾರ ಎಂದರೆ ಕರಿಮೆಣಸು ಮಾತ್ರ, ಅದು ಸಾಕು. ಚಟ್ನಿಪುಡಿ ಆ ಹೊತ್ತಿಗೆ ಬ್ಯಾಗಿನಲ್ಲೇ ಇರಲಿ ಅಕ್ಕ.

ಒಂದು ಮಾತು ಗಮನದಲ್ಲಿರಲಿ. ಮೆಕ್ಕೆಜೋಳ ಬಂತು, ಆಮೇಲೆ ರಸ್ತೆ ಬಂತು, ಪೇಟೆಯ ಹಿಟ್ಟು ಅಗ್ಗವಾಯಿತು, ಬಕ್‌ವೀಟ್ ಹೊಲಗಳು ಬರಿದಾದವು. ಇವತ್ತು ಕಣಿವೆಯ ಊಟದ ಮನೆಗಳಿಗೆ ಬೇಕಾದ ಹಿಟ್ಟಿನ ದೊಡ್ಡ ಪಾಲು ಹೊರದೇಶದಿಂದ ಬರುತ್ತದೆ. ತೆಲ್ಯೊ ಸುತ್ತ ಕೆಲವರು ಹಳೆಯ ತಳಿಯ ಬೀಜ ಉಳಿಸಿಕೊಂಡು ಈಗಲೂ ಬಿತ್ತುತ್ತಾರೆ. ಸ್ಲೋ ಫುಡ್ ಸಂಸ್ಥೆ ಅವರ ಬೆನ್ನಿಗೆ ನಿಂತಿದೆ. ಊರಿನ ಹಿಟ್ಟಿನಿಂದ ಮಾಡುವ ಊಟದ ಮನೆ ಅದನ್ನು ಮೆನುವಿನಲ್ಲಿ ಬರೆದುಕೊಂಡಿರುತ್ತದೆ. ಬರೆಯದಿದ್ದರೆ ಕೇಳಿ. ಒಂದೆರಡು ಯೂರೊ ಜಾಸ್ತಿಯಾದರೂ ಅಲ್ಲೇ ಉಣ್ಣಿ. ಆ ಹೊಲ ಉಳಿಯುವುದು ತಟ್ಟೆಯ ಮುಂದೆ ಕೂತವರು ಕೇಳಿದರೆ ಮಾತ್ರ.

ಅಕ್ಕನ ನಿಜವಾದ ಚಿಂತೆ ಬೇರೆ ಇತ್ತು. "ಎಲ್ಲದರಲ್ಲೂ ಏನಾದರೂ ಸೇರಿಸಿರುತ್ತಾರೆ, ಹೇಗೆ ನಂಬೋದು?" ಅದಕ್ಕೆ ನೇರವಾಗಿಯೇ ಹೇಳಿದೆ. "ಸೆಂತ್ಸಾ ಕಾರ್ನೆ" ಎಂದರೆ ಮಾಂಸವಿಲ್ಲದೆ ಎಂದು. ಅಷ್ಟೇ ಹೇಳಿದರೆ ಸಾಲದು. ಸೂಪು, ರಿಸೊತ್ತೊ ಮಾಡಲು ಮಾಂಸ ಬೇಯಿಸಿದ ಸಾರು ಬಳಸುವುದುಂಟು, ಅದನ್ನೂ ಬೇಡವೆನ್ನಬೇಕು. ಊಟಕ್ಕೆ ಮೊದಲು ತರುವ ತಟ್ಟೆಯಲ್ಲಿ ತೆಳುವಾದ ಕಡುಗೆಂಪು ಹಾಳೆಗಳಂತೆ ಕಾಣುವುದು ಬ್ರೆಸಾವೊಲ, ಉಪ್ಪು ಹಾಕಿ ಒಣಗಿಸಿದ ದನದ ಮಾಂಸ. ಕಣಿವೆಗೆ ಬಹಳ ಹೆಸರು ತಂದುಕೊಟ್ಟ ಪದಾರ್ಥ. ಕಾರ್ಖಾನೆಯಲ್ಲಿ ತಯಾರಾಗುವ ಬ್ರೆಸಾವೊಲಕ್ಕೆ ಬಹುಪಾಲು ಬ್ರೆಜಿಲ್‌ನ ಗೂನು ಬೆನ್ನಿನ ದನದ ಮಾಂಸ ಹೋಗುತ್ತದೆ. ಆ ದನಗಳ ದೊಡ್ಡ ಪಾಲು ನಮ್ಮ ಪಕ್ಕದ ಆಂಧ್ರದ ಓಂಗೋಲ್ ತಳಿಯಿಂದ ಬಂದದ್ದು. ಇದನ್ನು ಕೇಳಿ ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಚೀಸ್ ವಿಷಯವನ್ನೂ ಮುಚ್ಚಿಡಬಾರದು. ಅಲ್ಲಿ ಸಾಂಪ್ರದಾಯಿಕವಾಗಿ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನ್ನೆಟ್‌ನಿಂದ. ಬಿತ್ತೊ, ಗ್ರಾನ ಎಲ್ಲ ಹಾಗೆಯೇ. ನಮ್ಮ ಎಷ್ಟೋ ಸಸ್ಯಾಹಾರಿಗಳು ಇದು ತಿಳಿಯದೆ ತಿನ್ನುತ್ತಾರೆ, ತಿಳಿದೂ ತಿನ್ನುವವರು ಇದ್ದಾರೆ. ಅದು ಅವರವರ ತೀರ್ಮಾನ. ಬೇಡ ಎನ್ನುವವರು ಬೆಣ್ಣೆ, ಚೀಸ್ ಹಾಕದ ಬರೀ ಪೊಲೆಂತಾ ಎಂಬ ಮುದ್ದೆಯ ಜೊತೆ ಪೊರ್ಚೀನಿ ಅಣಬೆ ಕೇಳಬಹುದು. ಸೆಪ್ಟೆಂಬರ್ ಅಣಬೆಯ ಕಾಲ. ಚೀಸ್ ತಿನ್ನುವವರಿಗೆ ಬಕ್‌ವೀಟ್ ಹಿಟ್ಟಿನಲ್ಲಿ ಚೀಸ್ ತುಂಡು ಮುಳುಗಿಸಿ ಕರಿದ, ಬೋಂಡಾ ತರಹದ ಶಾತ್ ಎನ್ನುವ ತಿಂಡಿ ಇದೆ. ಕಹಿ ಸೊಪ್ಪಿನ ಮೇಲೆ ಬಿಸಿಬಿಸಿಯಾಗಿ ಇಟ್ಟು ಕೊಡುತ್ತಾರೆ, ಬಹಳ ರುಚಿ. ಆದರೆ ಹಿಟ್ಟಿಗೆ ಸ್ವಲ್ಪ ಗ್ರಾಪ್ಪ ಎಂಬ ಮದ್ಯ ಬೆರೆಸುವ ವಾಡಿಕೆ ಇದೆ. ಬೇಡವೆಂದರೆ ಮೊದಲೇ ವಿಚಾರಿಸಿ.

ಬಿತ್ತೊ ಎಂದೆನಲ್ಲ, ಅದರ ಕಥೆ ಹೇಳದೆ ಬಿಡಲಾರೆ. ಬೇಸಿಗೆಯಲ್ಲಿ ದನಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ ಅಲ್ಲೇ ಮಾಡುವ ಚೀಸ್ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಕಲ್ಲಿನ ಗೋಡೆಗಳ ಮೇಲೆ ಬಟ್ಟೆ ಹೊದಿಸಿದ ಗುಡಿಸಿಲಿನಲ್ಲಿ, ಹಾಲು ಬಿಸಿ ಆರುವ ಮೊದಲೇ, ಕರೆದ ಜಾಗದಲ್ಲೇ ಕಾಯಿಸುತ್ತಿದ್ದರು. ಹಸುವಿನ ಹಾಲಿಗೆ ಸ್ವಲ್ಪ ಮೇಕೆ ಹಾಲು. ಗಾಲಿಯ ಆಕಾರದಲ್ಲಿ ಚೆನ್ನಾಗಿ ಕಟ್ಟಿದ ಚೀಸ್ ಹತ್ತು ವರ್ಷವೂ ಇಡಲು ಬರುತ್ತದೆ. 1996ರಲ್ಲಿ ಅದಕ್ಕೆ ಯುರೋಪಿನ ಸಂರಕ್ಷಿತ ಹೆಸರಿನ ಮುದ್ರೆ ಸಿಕ್ಕಿತು. ನಿಯಮ ಮಾಡುವಾಗ ಸೀಮೆಯನ್ನು ಹಿಗ್ಗಿಸಿದರು. ಮುಂದೆ ದನಕ್ಕೆ ಹುಲ್ಲುಗಾವಲಿನಲ್ಲಿ ತಿಂಡಿ ಹಾಕಬಹುದು, ಹೊರಗಿನ ಹೆಪ್ಪು ಬಳಸಬಹುದು ಎಂದೂ ಆಯಿತು. ಗೆರೋಲ, ಅಲ್ಬರೇದೊ ಕಣಿವೆಗಳ ಕೆಲವು ಹಳೆಯ ಕುಟುಂಬಗಳು ಒಪ್ಪಲಿಲ್ಲ. ವರ್ಷಗಟ್ಟಲೆ ಜಗಳವಾಡಿ, 2016ರಲ್ಲಿ ಅವರು ತಮ್ಮ ಅಜ್ಜಂದಿರ ಚೀಸಿನ ಹೆಸರನ್ನೇ ಬಿಟ್ಟುಕೊಟ್ಟು "ಸ್ತೋರಿಕೊ ರಿಬೆಲ್ಲೆ" ಎಂದು ಹೊಸ ಹೆಸರಿಟ್ಟುಕೊಂಡರು. ಮುದ್ರೆ ಹೋದರೂ ಹೋಗಲಿ, ಮಾಡುವ ಬಗೆ ಬದಲಾಗಬಾರದು ಎಂದ ಆ ಜನರ ಕಡೆಗೇ ನನ್ನ ಮನಸ್ಸು. ಬೆಲೆ ಜಾಸ್ತಿ. ಹಳೆಯದರ ಒಂದು ತೆಳು ಚೂರು ಸಾಕು, ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ.

ಮೇಷ್ಟ್ರು ಕೇಳಿದರು, "ಇನ್ನೊಂದು ದಿನ ಉಳಿದರೆ ಎಲ್ಲಿಗೆ ಹೋಗೋಣ?" ಕೋಲಿಕೊದಲ್ಲಿ ರೈಲು ಬದಲಾಯಿಸಿದರೆ ಉತ್ತರದ ಇನ್ನೊಂದು ಕಣಿವೆಯಲ್ಲಿ ಕ್ಯಾವೆನ್ನ ಇದೆ. ಅಲ್ಲಿಯ ಊಟದ ಮನೆಗಳಿಗೆ ಕ್ರೊತ್ತೊ ಎನ್ನುತ್ತಾರೆ. ಯಾವುದೋ ಕಾಲದಲ್ಲಿ ಬೆಟ್ಟ ಕುಸಿದು ಬಿದ್ದ ಬಂಡೆಗಳ ನಡುವೆ ಉಳಿದ ಪೊಟರೆಗಳವು. ಬಂಡೆಯ ಬಿರುಕಿನಿಂದ ವರ್ಷವಿಡೀ ತಣ್ಣನೆಯ ಗಾಳಿ ಬೀಸುತ್ತಲೇ ಇರುತ್ತದೆ, ಸುಮಾರು 8 ಡಿಗ್ರಿ. ಆ ಗಾಳಿಗೆ ಸೊರೆಲ್ ಎಂದು ಹೆಸರು. ಹೊರಗೆ ಬೇಗೆ ಇರಲಿ, ಹಿಮ ಇರಲಿ, ಒಳಗೆ ಚೀಸ್, ವೈನ್, ಮಾಂಸ ಕೆಡುವುದಿಲ್ಲ. ಅಂಥ ಪೊಟರೆಗಳ ಮುಂದೆ ಮರದ ನೆರಳಿನಲ್ಲಿ ಕಲ್ಲಿನ ಮೇಜು ಹಾಕಿ ಬಡಿಸುತ್ತಾರೆ. ಪಕ್ಕದ ಪಿಯೂರೊ ಪಟ್ಟಣ 1618ರಲ್ಲಿ ಬೆಟ್ಟ ಜಾರಿ ಪೂರ್ತಿ ಹೂತುಹೋಯಿತು. ಬೆಟ್ಟ ಕೊಟ್ಟದ್ದನ್ನೂ ಕಿತ್ತುಕೊಂಡದ್ದನ್ನೂ ಆ ಜನ ಒಟ್ಟಿಗೇ ಇಟ್ಟುಕೊಂಡು ಬದುಕಿದ್ದಾರೆ. ಸೆಪ್ಟೆಂಬರಿನಲ್ಲಿ ಅಲ್ಲಿ ಕ್ರೊತ್ತೊಗಳ ಹಬ್ಬವೂ ಇರುತ್ತದೆ, ನಿಮ್ಮ ದಿನಗಳಿಗೆ ಹೊಂದುತ್ತದೆ. ಅಲ್ಲಿ ಪಿತ್ಸೊಕ್ಕೆರಿ ಕೇಳಿದರೆ ಬಿಳಿಯದು ಬರುತ್ತದೆ, ಮೈದಾ ಹಿಟ್ಟು, ಹಳೆಯ ಬ್ರೆಡ್ ಸೇರಿಸಿ ಮಾಡಿದ ಸಣ್ಣ ಉಂಡೆಗಳು. ತೆಲ್ಯೊದವರ ಬೂದು ಪಟ್ಟಿಯೇ ನನಗೆ ಹೆಚ್ಚು.

ಇನ್ನು ಅಲ್ಲಿ ಕೂರುವ ಪದ್ಧತಿ. ಬಾಗಿಲು ತೆರೆದಿದೆ ಎಂದು ಒಳಗೆ ನುಗ್ಗಿ ಖಾಲಿ ಮೇಜಿಗೆ ಕೂರಬೇಡಿ, ಎಷ್ಟು ಜನ ಎಂದು ಹೇಳಿ ನಿಂತರೆ ಅವರೇ ಕೂರಿಸುತ್ತಾರೆ. ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗೆ ಎರಡು ಮೂರು ಯೂರೊ ಸೇರಿದ್ದರೆ ಮೋಸವೆಂದು ವಾದಕ್ಕಿಳಿಯಬೇಡಿ. ಬ್ರೆಡ್ಡಿಗೂ ಮೇಜಿಗೂ ತೆಗೆದುಕೊಳ್ಳುವ ದುಡ್ಡು ಅದು, ಮೆನುವಿನಲ್ಲಿ ಬರೆದಿರುತ್ತದೆ. ಬದಲಿಗೆ ಟಿಪ್ಸ್ ಕೊಡಲೇಬೇಕೆಂಬ ಒತ್ತಡ ಇಲ್ಲ. ಕೇಳುವವರೆಗೂ ಬಿಲ್ಲು ತರುವುದಿಲ್ಲ, ಅದು ಉದಾಸೀನ ಅಲ್ಲ, ಎಬ್ಬಿಸಬಾರದು ಎನ್ನುವ ಮರ್ಯಾದೆ. ಮೊದಲು ತಿನ್ನುವುದು, ಆಮೇಲಿನದು, ಅದರ ಮೇಲಿನದು ಎಂದು ಉದ್ದದ ಪಟ್ಟಿ ಇರುತ್ತದೆ, ಎಲ್ಲ ತರಿಸಲೇಬೇಕೆಂದಿಲ್ಲ. ನಿಮ್ಮಿಬ್ಬರಿಗೆ ಒಂದು ಪಿತ್ಸೊಕ್ಕೆರಿ, ಒಂದು ಸೊಪ್ಪಿನ ಸಲಾಡು ಧಾರಾಳವಾಯಿತು. ಖಾಲಿ ತಟ್ಟೆ ಒಂದು ಹೆಚ್ಚಿಗೆ ಕೇಳಿದರೆ ಕೊಡುತ್ತಾರೆ. ಕೊನೆಗೆ ಒಣ ಅಂಜೂರ, ಅಕ್ರೋಟು ತುಂಬಿದ ಬಿಶೋಲ ಎಂಬ ದಪ್ಪ ಬ್ರೆಡ್ಡಿನ ಒಂದು ಹೋಳು. ಮೇಷ್ಟ್ರಿಗೆ ಇಷ್ಟವಾಗುತ್ತದೆ.

ಹಾಗಾಗಿ ಮೇಷ್ಟ್ರೇ, ಕೆಂಪು ರೈಲಿಗೆ ಮಾರನೆಯ ದಿನದ ಟಿಕೆಟ್ ತೆಗೆಸಿ. ಮೊದಲ ದಿನ ತಿರಾನೊಗೆ ಸ್ವಲ್ಪ ಮುಂಚೆ ತ್ರೆಸೆಂದ ನಿಲ್ದಾಣದಲ್ಲಿ ಇಳಿದು, ಮೇಲಕ್ಕೆ ತೆಲ್ಯೊಗೆ ಹೋಗಿ. ಮಗನಿಗೆ ಹೇಳಿ ಮಧ್ಯಾಹ್ನ ಹನ್ನೆರಡೂವರೆಗೆ ಮೇಜು ಕಾದಿರಿಸಿ. ಆ ಊರುಗಳಲ್ಲಿ ಎರಡು ಗಂಟೆಯ ಹೊತ್ತಿಗೆ ಅಡುಗೆಮನೆ ಮುಚ್ಚುತ್ತಾರೆ, ಮತ್ತೆ ತೆರೆಯುವುದು ರಾತ್ರಿ ಏಳಕ್ಕೆ. ಹೆಚ್ಚಿನ ಕಡೆ ವಾರಕ್ಕೆ ಒಂದು ದಿನ ರಜೆಯೂ ಇರುತ್ತದೆ. ಅದು ಯಾವ ದಿನ ಎಂದು ಫೋನಿನಲ್ಲೇ ಕೇಳಿಕೊಳ್ಳಲಿ.